ಮೊದಲು ಬಂಗಲೆಗೆ

ಆ ಸದ್ದು ಕಳೆ ಹೊಡೆಯುವ ಮೆಷಿನ್ನಿನದಲ್ಲ, ಕಳೆ ಮೆಷಿನ್ನಾದರೆ ಹುಲ್ಲಿಗೆ ಸಿಕ್ಕಾಗೊಮ್ಮೆ ದನಿ ಕುಗ್ಗಿ ಮತ್ತೆ ಏರುತ್ತದೆ, ಇದು ಒಂದೇ ಸಮ, ಗುರ್ರೆಂದು, ಬಂಗಲೆಯ ಹಿತ್ತಲಿನಿಂದ — ಇರಲಿಕ್ಕಿಲ್ಲ, ಏರು ಹತ್ತುತ್ತ ಅರುಣಾ ತನಗೆ ತಾನೇ ಹೇಳಿಕೊಂಡಳು, ಮೂಡಿಗೆರೆಯಿಂದ ಆಲ್ದೂರಿನ ತನಕ ಒಂದು ಬಂಕಿನಲ್ಲೂ ತೊಟ್ಟು ಪೆಟ್ರೋಲ್ ಇಲ್ಲದಿರುವಾಗ ಬಂಗಲೆಯ ಜನರೇಟರಿಗೆ ಮಾತ್ರ ಎಲ್ಲಿಂದ ಬರಬೇಕು, ಘಾಟಿ ಕುಸಿದು ಟ್ಯಾಂಕರ್ ಲಾರಿಗಳೆಲ್ಲ ಕೆಳಗೇ ನಿಂತಿವೆಯಂತೆ, ಈಚೆ ಸೇತುವೆಯ ಮೇಲೆ ದೊಡ್ಡ ಗಾಡಿ ಬಿಡುವುದಿಲ್ಲ, ಬಸ್ಸಿಲ್ಲ, ಕರೆಂಟಿಲ್ಲ, ಆಂಬುಲೆನ್ಸ್ ಕರೆಯೋಣವೆಂದರೆ ಫೋನಿನಲ್ಲಿ ಒಂದು ಕಡ್ಡಿಯೂ ಕಾಣಿಸುವುದಿಲ್ಲ, ಬಂಕಿನವನು ಬಾಗಿಲಿಗೆ ಹಗ್ಗ ಕಟ್ಟಿ ಮನೆಗೆ ಹೋಗಿ ಮಲಗಿದ್ದಾನೆ, ಪುಣ್ಯವಂತ. ಆದರೂ ಸದ್ದು ನಿಲ್ಲುತ್ತಿಲ್ಲ. ಮತ್ತೆ ದೊಡ್ಡಪ್ಪನ ಮಂಚದ ಕೆಳಗೆ ಪೆಟ್ರೋಲಿನ ಕ್ಯಾನಿಲ್ಲ, ದೊಡ್ಡಪ್ಪನೂ ಇಲ್ಲ, ಪಕ್ಕದ ಮನೆಯ ವಿಮಲಮ್ಮ ಹೇಳಿದ್ದು, ಆವಾಗ್ಲೆ ಬಂಗ್ಲೆ ಕಡೆ ಹೋದ್ರಲ್ಲ, ಕೈಲೇನೂ ಇರ್ಲಿಲ್ಲಪ್ಪ, — ಕೈಯಲ್ಲಿ ಏನೂ ಇರಲಿಲ್ಲವೆಂದರೆ ಕ್ಯಾನು ಎಲ್ಲೋ ಭದ್ರವಾಗಿಯೇ ಇದೆ, ಸೌದೆ ಕೊಟ್ಟಿಗೆಯಲ್ಲಿ, ಒಲೆಯಿಂದ ದೂರ ಇರಲಿ ಎಂದು ಇಟ್ಟಿರಬೇಕು, ಮುದುಕನಿಗೆ ಅಷ್ಟು ಬುದ್ಧಿ ಇದೆ, ಹೋಗಿ ಕೇಳಿದರೆ ಆಯಿತು.

ಕೆಳಗೆ ತೋಟದ ಕೆಲಸದವರ ಲೈನ್ ಮನೆಗಳ ಮುಂದೆ ಸುರೇಂದ್ರಣ್ಣನ ಓಮ್ನಿಯಲ್ಲಿ ಅವ್ವ ಆಗಲೇ ಕೂತಾಗಿದೆ, ಬೆಳಕು ಹರಿಯುವ ಮೊದಲೇ ಎದ್ದು ತಲೆ ಬಾಚಿಕೊಂಡು, ನಾನು ರೆಡಿ ಕಣೆ, ನೀನೇ ಲೇಟು, ಎಂದು ಮಗಳನ್ನೇ ಬೈದು, ಬೈಯುವುದಕ್ಕೂ ನಡುನಡುವೆ ಉಸಿರು ಸಾಲದೆ ನಿಂತು. ವಾರಕ್ಕೆರಡು ಸಲ ಚಿಕ್ಕಮಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾದವಳು, ಒಂದು ಸರದಿ ಆ ದಾರಿಗೂ ಗುಡ್ಡ ಕುಸಿದ ದಿನ ಹೋಯಿತು, ಇನ್ನೊಂದು ಅಲ್ಲಿನ ಮಣ್ಣು ತೆಗೆಯುವಷ್ಟರಲ್ಲಿ ಹೋಯಿತು, ಈಗ ಮುಖ ಊದಿದೆ, ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೊರಗಿ ಕೂತೇ ಇರುತ್ತಾಳೆ, ಆಸ್ಪತ್ರೆಯ ಸಿಸ್ಟರ್ ಯಾವತ್ತೋ ಹೇಳಿದ್ದರು, ಎರಡು ಸಲ ತಪ್ಪಿದ್ರೆ ಮೂರನೇದು ಮಾತ್ರ ತಪ್ಪಿಸ್ಬೇಡ ಅರುಣಾ, ಹೆಂಗಾದ್ರೂ ಕರ್ಕೊಂಡು ಬಾ. ಹೆಂಗಾದ್ರೂ. ಇವತ್ತೇ ಮೂರನೆಯದು, ಇವತ್ತು ತಪ್ಪಬಾರದು, ತಪ್ಪುವುದೂ ಇಲ್ಲ, ಅಷ್ಟೂ ಜನ ಸೇರಿ ಕೊಟ್ಟಿದ್ದಾರಲ್ಲ.

ಹೌದು, ನಿನ್ನೆ ಎಲ್ಲರೂ ತಮ್ಮ ತಮ್ಮ ಗಾಡಿಯ ಪೆಟ್ರೋಲ್ ಕೊಟ್ಟರು. ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿ ಮಡಚಿ ಕೊಂಡ ತನ್ನ ಸ್ಕೂಟಿಯಿಂದ ಮೊದಲು ಇವಳೇ ಪೈಪು ಹಾಕಿ ಎಳೆದಳು, ಆಮೇಲೆ ಮೋನಿಕಾಳ ಸ್ಕೂಟಿ, ಶಂಕರನ ಬೈಕು, ಕೊನೆಗೆ ಹಾಲೇಶ್, ಕೇಳಿದವರಿಗೆ ಬೆಂಕಿಕಡ್ಡಿಯನ್ನೂ ಕೊಡದ ಹಾಲೇಶ್, ಅವನೇ ಬೈಕು ಓರೆ ಮಾಡಿ ಹಿಡಿದು ಇನ್ನೂ ಇದೆ ತಡಿಯೇ, ಜವರಕ್ಕಂಗಲ್ವ, ಎಂದು ಟ್ಯಾಂಕಿನ ತಳದವರೆಗೂ ಬಸಿದ, ಲೈನಿನವರೆಲ್ಲ ಸುತ್ತ ನಿಂತು ನಗುತ್ತಿದ್ದರು, ಎಷ್ಟೋ ದಿನದ ಮೇಲೆ ಎಲ್ಲರ ಮುಖದಲ್ಲಿ ನಗು. ಸುರೇಂದ್ರಣ್ಣ ಹೇಳಿದ, ಹೋಗಕ್ಕೆ ಇಷ್ಟು ಸಾಕು, ಬರಕ್ಕೆ ಅಲ್ಲೇ ಹಾಕಿಸ್ಕಂಡ್ರಾತು. ರಾತ್ರಿ ಯಾರ ಮನೆಯಲ್ಲಿ ಇಡುವುದು ಎಂಬ ಮಾತು ಬಂದಾಗ ದೊಡ್ಡಪ್ಪನೇ ಮುಂದೆ ಬಂದದ್ದು, ಗುರುವಯ್ಯ ಮೇಸ್ತ್ರಿ, ಅಪ್ಪನ ಅಣ್ಣ, ದೊಡ್ಡವ್ವ ಹೋದ ಮೇಲೆ ಎರಡೂ ಹೊತ್ತು ಅವ್ವನ ಕೈಯ ಊಟ ಉಂಡವನು — ನನ್ ಮಂಚದ ಕೆಳಗಿರ್ಲಿ ಮಗ, ನಾನಿದೀನಲ್ಲ. ನಾನಿದೀನಲ್ಲ ಎಂದ, ಎಲ್ಲರೂ ತಲೆಯಾಡಿಸಿದರು, ಅವನ ಮಾತಿಗೆ ಎದುರಾಡಿದವರು ಈ ಲೈನಿನಲ್ಲಿ ಯಾರಿದ್ದಾರೆ.

ಬೆಳಿಗ್ಗೆಯೂ ಬಂದಿದ್ದನಲ್ಲ, ದಿನದ ಹಾಗೆಯೇ, ಹೊಸ್ತಿಲ ಮೇಲೆ ಕೂತು, ಅವ್ವ ಊದಿದ ಕೈಯಿಂದಲೇ ಕೊಟ್ಟ ಕಾಫಿ ಕುಡಿದು, ಇವಳು ಅವ್ವನಿಗೆ ಸ್ವೆಟರ್ ತೊಡಿಸುವುದನ್ನು ನೋಡಿದ, ಬ್ಯಾಗಿಗೆ ಟವೆಲ್, ಚೀಟಿ, ಬ್ರೆಡ್ಡು ತುಂಬುವುದನ್ನು ನೋಡಿದ, ಸುರೇಂದ್ರಣ್ಣನ ಜೊತೆ ಸೇರಿ ಅವ್ವನನ್ನು ಎತ್ತಿ ಓಮ್ನಿಗೆ ಕೂರಿಸಲು ಕೈಯನ್ನೂ ಕೊಟ್ಟ, ಹುಷಾರು ಜವರಿ, ಅಂದ, ಅಷ್ಟೇ, ಎಲ್ಲಿಗೆ ಹೋದ ಆಮೇಲೆ, ತಿರುಗಿ ನೋಡಿದರೆ ಇಲ್ಲ, ಕ್ಯಾನು ತರಲು ಹೋದನೆಂದೇ ಎಲ್ಲರೂ ಅಂದುಕೊಂಡದ್ದು.

ಬಂಗಲೆಯ ಹಿತ್ತಲ ತಿರುವು, ನಲ್ಲಿ, ನಲ್ಲಿಯ ಪಕ್ಕ ಬಟ್ಟೆ ಒಗೆಯುವ ಕಟ್ಟೆ, ಕಟ್ಟೆಯ ಮೇಲೆ ಹಳದಿ ಕ್ಯಾನು. ಬೋರಲು. ತೊಳೆದು ಬೋರಲು ಹಾಕಿದೆ, ಊಟ ಮುಗಿದ ಮೇಲೆ ಪಾತ್ರೆ ಹಾಕುತ್ತಾರಲ್ಲ ಹಾಗೆ, ಬಾಯಿಂದ ನೀರು ತೊಟ್ಟಿಕ್ಕುತ್ತಿದೆ. ಪಕ್ಕದಲ್ಲಿ ಮುಚ್ಚಳ, ಅದನ್ನೂ ತೊಳೆದಿದ್ದಾರೆ. ಅಮ್ಮೋರು ಗಿರಿಜಾಂಬಾ ಅಡುಗೆಮನೆಯ ಬಾಗಿಲಿಗೆ ಬಂದರು, ಏನೇ ಅರುಣಾ, ಅವ್ವ ಹೆಂಗಿದಾಳೆ, ಹೊರಡ್ಲಿಲ್ವ ಇನ್ನೂ — ಹೊರಡಬೇಕು ಅಮ್ಮೋರೆ, ಪೆಟ್ರೋಲು, ಎಂದಳು, ಅವರು ಕ್ಯಾನು ನೋಡಿದರು, ಇವಳನ್ನು ನೋಡಿದರು, ಅವರ ಮುಖ ಸಣ್ಣಗಾಯಿತು, ಅಯ್ಯೋ ಶಿವನೇ, ಇದು ನಿಮ್ಮದಾ, ನಾನು ಕೇಳೇ ಇಲ್ಲ ಕಣೆ, ನೆನ್ನೆ ಸಂಜೆ ಗುರುವಯ್ಯನೇ ತಂದು ಅಮ್ಮೋರೆ ತಗಳಿ ಅಂದ, ಬಂಕಿಗೆ ಬಂತೇನೋ ಅನ್ಕೊಂಡು ಪೂರ್ತಿ ಹಾಕಿಸ್ದೆ, ಮೋಟರ್ ಹಾಕ್ಬೇಕಿತ್ತು, ಫ್ರಿಜ್ಜು, ಫೋನು, ರಾತ್ರಿಯೆಲ್ಲ ಓಡ್ತಾನೇ ಇದೆ, ಕಾರಾದ್ರೂ ಇದ್ದಿದ್ರೆ ಕೊಡ್ತಿದ್ದೆ, ಇವರು ಶಿವಮೊಗ್ಗಕ್ಕೆ ತಗೊಂಡು ಹೋದವರು ಇನ್ನೂ ಬಂದಿಲ್ಲ. ಅವರೇ ಓಡಿ ಜನರೇಟರ್ ಆರಿಸಿದರು. ಸದ್ದು ನಿಂತಿತು. ಅದರ ಟ್ಯಾಂಕು ಬಗ್ಗಿಸಿ ನೋಡಿದರೆ ಉಳಿದದ್ದು ಒಂದು ಲೋಟಕ್ಕೂ ಕಡಿಮೆ. ಅವರ ಮೇಲೆ ಕೂಗಾಡಿಬಿಡಬಹುದಿತ್ತು, ಕೂಗಾಡಲು ಅಲ್ಲಿ ಜಾಗವೇ ಇಲ್ಲ, ಹೆಂಗಸು ಕೇಳಿದ್ದೇ ಇಲ್ಲ, ಕೇಳದೆ ಕೊಟ್ಟಿದ್ದಾನೆ.

ಕೊಟ್ಟವನು ಹಲಸಿನ ಮರದ ಹಿಂದೆ ನಿಂತಿದ್ದ, ಟವೆಲ್ ಕೈಯಲ್ಲಿ ಹಿಂಡುತ್ತ, ನೆಲ ನೋಡುತ್ತ. ಬಂಗ್ಲೆ ಕತ್ಲಾಗಿತ್ತಲ್ಲ ಮಗ, ಮೊದ್ಲು ಇಲ್ಲಿ ತೋರಿಸ್ಕಂಡು ಬರಣಾಂತ ತಂದೆ, ಅವ್ರು ಒಂಚೂರು ಬಗ್ಗಿಸ್ಕಂಡು ಉಳಿದಿದ್ದು ಕೊಡ್ತಾರೆ ಅನ್ಕಂಡೆ, ಜೇನು ತಂದ್ರೆ ಹಂಗೇ ಮಾಡ್ತಿದ್ರಲ್ಲ ಯಾವಾಗ್ಲೂ. ಹೌದು, ಜೇನು. ಬಿದಿರಿನ ಮೊದಲ ಕಳಲೆ, ಗುಡುಗಿನ ಮಾರನೆಯ ದಿನದ ಅಣಬೆ, ಮರದಿಂದ ಇಳಿದ ಮೊದಲ ಹಲಸು, ಎಲ್ಲ ಮೊದಲು ಬಂಗಲೆಗೆ, ಆಮೇಲೆ ಲೈನಿಗೆ, ಅಜ್ಜನ ಕಾಲದಿಂದ ಹಾಗೆಯೇ, ಇವಳೂ ಲಂಗದಲ್ಲಿ ಕಟ್ಟಿಕೊಂಡು ತಂದು ಕೊಟ್ಟವಳೇ, ಅಮ್ಮೋರು ಒಂದು ಹಿಡಿ ತೆಗೆದುಕೊಂಡು ಪಾತ್ರೆ ಬರಿದೇ ಕೊಡಬಾರದೆಂದು ಬೆಲ್ಲವನ್ನೋ ಬಾಳೆಹಣ್ಣನ್ನೋ ಹಾಕಿ ಕೊಡುವರು, ಆದರೆ ಇದು ಅಣಬೆಯೇ ದೊಡ್ಡಪ್ಪ, ಇದು ಹಲಸಿನ ಹಣ್ಣೇ. ಅದನ್ನೂ ಬಿಡೋಣ, ರೂಢಿ, ಮುದುಕ, ಕಾಲು ತಾನಾಗಿ ಈ ಕಡೆ ಎಳೆಯಿತು ಅಂದುಕೊಳ್ಳೋಣ, ಪೂರ್ತಿ ಬಗ್ಗಿಸಿಕೊಂಡರೆಂದು ಸಂಜೆಯೇ ಗೊತ್ತಾಯಿತಲ್ಲ ನಿನಗೆ, ಅಮ್ಮೋರೆ ಇದು ಜವರಮ್ಮನ ಆಸ್ಪತ್ರೆಗೆ ಎಂದು ಒಂದು ಮಾತು — ಕೊಟ್ಟಿದ್ನ ವಾಪಸ್ ಕೇಳದು ಹೆಂಗ್ ಮಗ, ನಾಚ್ಕೆ ಆಯ್ತು. ನಾಚಿಕೆ! ನಾಚಿಕೆಗೆ ರಾತ್ರಿಯೆಲ್ಲ ಈ ಸದ್ದು ಕೇಳುತ್ತ ಮಲಗಿದ್ದ, ಬೆಳಿಗ್ಗೆ ಎದ್ದು ಬಂದು ಅದೇ ಹೊಸ್ತಿಲ ಮೇಲೆ ಕೂತು ಅದೇ ಕೈಯ ಕಾಫಿ ಕುಡಿದ, ಇಲ್ಲದ ಪೆಟ್ರೋಲಿನ ಗಾಡಿಗೆ ಅವಳನ್ನು ತಾನೇ ಎತ್ತಿ ಕೂರಿಸಿದ, ಹುಷಾರು ಜವರಿ ಅಂದ. ಬೇರೆಯವರು ಮಾಡಿದ್ದರೆ ಬೈದು ಮುಗಿಸಬಹುದಿತ್ತು, ಇವನು ಅಪ್ಪನ ಜಾಗದಲ್ಲಿದ್ದವನು, ಇವನು ಮೋಸ ಮಾಡಿದ್ದಾನೆ, ಮೋಸ ಮಾಡಿದೆನೆಂದು ಅವನಿಗೆ ಗೊತ್ತೂ ಆಗಿಲ್ಲ, ನಾಚಿಕೆಯೂ ಬಂಗಲೆಯ ಮುಂದೆ ಆದದ್ದೇ ಹೊರತು ನಮ್ಮ ಮುಂದೆ ಅಲ್ಲ. ಅವನೇ ಕಟ್ಟೆಯಿಂದ ಕ್ಯಾನು ಎತ್ತಿ ತಂದ, ಟವೆಲಿನಿಂದ ಒರೆಸಿದ, ಮುಚ್ಚಳ ತಿರುಗಿಸಿ ಬಿಗಿ ಮಾಡಿ ಕೊಟ್ಟ, ತಗ ಮಗ, ಸೋಪು ಹಾಕಿ ತೊಳ್ದಿದೀನಿ, ವಾಸ್ನೆ ಒಂಚೂರೂ ಇಲ್ಲ.

ತೆಗೆದುಕೊಂಡಳು, ಏಕೆ ತೆಗೆದುಕೊಂಡಳೋ, ಕೈ ತಾನಾಗಿ ಚಾಚಿತು, ಇಳಿಜಾರು, ಕಾಲು ಜಾರುತ್ತದೆ, ಯಾವ ಬೈಕಿನಲ್ಲಿ ಇನ್ನೇನಿದೆ, ಏನೂ ಇಲ್ಲ, ಎಲ್ಲವನ್ನೂ ತಾನೇ ಎಳೆದದ್ದು, ಇದ್ದ ಒಂದೊಂದು ಗಾಡಿಯನ್ನೂ ತಾನೇ ಬರಿದು ಮಾಡಿಸಿದಳು, ಹಾಲೇಶನ ಟ್ಯಾಂಕಿನ ತಳ ಕೂಡ. ಅವ್ವನನ್ನು ಹೊತ್ತುಕೊಂಡು ಎಷ್ಟು ದೂರ ಹೋಗಬಹುದು, ಸೇತುವೆಯವರೆಗೆ, ಸೇತುವೆಯ ಆಚೆ. ಹೋಗ್ಲಿ ಬಿಡೆ, ಭಾವಂಗೇನು ಗೊತ್ತಾಗ್ತದೆ, ಅಮ್ಮೋರಿಗಲ್ವ ಕೊಟ್ಟಿದ್ದು, ಎಂದೇ ಅವ್ವ ಹೇಳುವುದು, ಹಾಗೆ ಹೇಳಿದರೆ ಸಹಿಸಲು ಆಗುವುದಿಲ್ಲ, ಹೇಳಬೇಡ ಅವ್ವ, ಬೈದುಬಿಡು, ಒಂದು ಸಲ ಬೈಯಿ — ತಿರುವಿನಲ್ಲಿ ಓಮ್ನಿ ಕಾಣಿಸಿತು, ತೆರೆದ ಬಾಗಿಲಿನಿಂದ ಅವ್ವ ಈ ಕಡೆಯೇ ನೋಡುತ್ತಿದ್ದಾಳೆ, ಅವಳ ಕಣ್ಣಿಗೆ ಇವಳ ಕೈಯಲ್ಲಿನ ಕ್ಯಾನು ಬಿತ್ತು, ತುಂಬಿದೆಯೋ ಬರಿದೋ ದೂರದಿಂದ ತಿಳಿಯುವುದಿಲ್ಲ, ಊದಿದ ಮುಖ ಅರಳಿತು, ಬಂದ್ಲು ಬಂದ್ಲು, ಸುರೇಂದ್ರ, ಸೀಟಿಗೆ ಹತ್ತು ಮಾರಾಯ, ಎಂದಳು, ಸೀಟಿನ ಮೇಲೆ ಕಷ್ಟಪಟ್ಟು ಸರಿದು ಮಗಳಿಗೆ ಜಾಗ ಮಾಡುತ್ತಿದ್ದಾಳೆ, ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡಳು, ಕೂತ್ಕ ಬಾ, ಎನ್ನುತ್ತಿದ್ದಾಳೆ, ಹೇಳಬೇಕು, ಈಗ ಹೇಳಬೇಕು, ಏನೆಂದು ಶುರು ಮಾಡುವುದು, ಅವ್ವ, ದೊಡ್ಡಪ್ಪ — ಅವ್ವ, ಕಟ್ಟೆಯ ಮೇಲೆ — ಕಟ್ಟೆಯ ಮೇಲೆ ಹಳದಿ ಕ್ಯಾನು, ತೊಳೆದದ್ದು, ಬೋರಲು, ಬಾಯಿಂದ ನೀರು, ಒಂದು ತೊಟ್ಟು, ಇನ್ನೊಂದು, ತೊಳೆದು, ಬೋರಲು ಹಾಕಿ —