ಮುಟ್ಟಿತು ಅಂದುಕೊಂಡ ಸ್ಕ್ಯಾನು

ಆ ಬೇಕರಿಯ ಒಲೆ ಹೊತ್ತಿತೆಂದರೆ ಮೂರು ಬೀದಿಯ ಜನಕ್ಕೆ ಅಲಾರಾಂ ಬೇಕಿರಲಿಲ್ಲ. ಅಲ್ಲಿನ ಬನ್ನಿನ ವಾಸನೆಗೆ ಸತ್ತವರೂ ಎದ್ದು ಕೂತು ಚಹಾ ಕೇಳುತ್ತಿದ್ದರು. ಇದರಲ್ಲಿ ಸುಳ್ಳು ಇದ್ದರೆ ಚಿಟಿಕೆಯಷ್ಟು ಮಾತ್ರ. ಅಂಥ ಒಲೆ ತಣ್ಣಗಾಗಿ ಒಂಬತ್ತು ದಿನವಾಗಿತ್ತು. ಬೇಕರಿಯವನ ಗಂಟಲಲ್ಲಿ ಗೆಡ್ಡೆ ಬೆಳೆದು, ಒಂದು ಗುಟುಕು ನೀರು ನುಂಗಲೂ ಅವನು ಗೋಡೆ ಹಿಡಿದುಕೊಳ್ಳುತ್ತಿದ್ದ.

ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಗುರುವಾರದ ಒಂದು ಜಾಗ ಅವನಿಗಾಗಿ ಹಿಡಿದಿಟ್ಟಿದ್ದರು. ಆ ಜಾಗ ಸಿಗುವುದಕ್ಕಿಂತ ಚಂದ್ರನ ಮೇಲೆ ಸೈಟು ಸಿಗುವುದು ಸುಲಭ. ಷರತ್ತು ಒಂದೇ: ಸ್ಕ್ಯಾನಿನ ಚಿತ್ರಗಳು ಸೋಮವಾರ ಸಂಜೆ ನಾಲ್ಕರೊಳಗೆ ಆಸ್ಪತ್ರೆಯ ಮೇಲ್‌ಗೆ ತಲುಪಬೇಕು. ತಪ್ಪಿದರೆ ಜಾಗ ಬೇರೆಯವರಿಗೆ.

ಸೋಮವಾರ ಬೆಳಿಗ್ಗೆ ಸ್ಕ್ಯಾನ್ ಸೆಂಟರಿನಿಂದ ಬೇಕರಿಯವನ ಹೆಂಡತಿಯ ಫೋನಿಗೆ ಮೇಲ್ ಬಂತು. ಜೊತೆಗೆ ಚಿತ್ರಗಳ ಒಂದು ದೊಡ್ಡ ಫೈಲು.

"ಇದನ್ನ ಹ್ಯಾಗೆ ಕಳಿಸೋದು ಮಾವ?" ಎಂದು ಅವಳು ಗಂಡನ ಅಪ್ಪನನ್ನು ಕೇಳಿದಳು.

ಜಗತ್ತಿನಲ್ಲಿ ಮಾವನಿಗೆ ಗೊತ್ತಿಲ್ಲದ ವಿಷಯ ಇನ್ನೂ ಹುಟ್ಟಿರಲಿಲ್ಲ. "ಕೊಡಿಲ್ಲಿ. ಬಂದಿದ್ದನ್ನ ಹಾಗೇ ಮುಂದಕ್ಕೆ ತಳ್ಳಿದ್ರಾಯ್ತು. ಇದಕ್ಕೂ ಕಾಲೇಜಿಗೆ ಹೋಗ್ಬೇಕಾ?" ಎಂದು ಒಂದು ಬಟನ್ ಒತ್ತಿದರು. ನಿಮಿಷ ಕಳೆಯುವುದರೊಳಗೆ ಇಂಗ್ಲಿಷಿನಲ್ಲಿ ಮೊಳದುದ್ದದ ಉತ್ತರ ಬಂತು.

"ನೋಡಮ್ಮ, ಒಂದೇ ನಿಮಿಷಕ್ಕೆ ಉತ್ತರ! ಎಷ್ಟು ಮರ್ಯಾದೆಯಿಂದ ಉದ್ದಕ್ಕೆ ಬರೆದಿದಾರೆ!"

"ಏನಂತ ಬರೆದಿದಾರೆ?"

"ಮುಟ್ಟಿದೆ ಅಂತ. ಇನ್ನೇನು ಬರೀತಾರೆ? ಕನ್ನಡಕ ಒಳಗಿದೆ, ಆಮೇಲೆ ಓದ್ತೀನಿ."

ಆ 'ಆಮೇಲೆ' ಬರಲೇ ಇಲ್ಲ. ಅವಳು ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡಳು.

ಎರಡೂವರೆಗೆ ಆಸ್ಪತ್ರೆಯಿಂದ ಫೋನು. "ಅಮ್ಮಾ, ಸ್ಕ್ಯಾನ್ ಇನ್ನೂ ಬಂದಿಲ್ವಲ್ಲ?"

ಅವಳು ಮತ್ತೆ ಕಳಿಸಿದಳು. ಮತ್ತೆ ಅದೇ ಮೊಳದುದ್ದದ ಉತ್ತರ. ಫೈಲು ತೆರೆಯೋಣವೆಂದು ಒತ್ತಿದಳು. ಚಕ್ರ ತಿರುಗಿತು, ಎಣ್ಣೆ ಗಾಣವೂ ನಾಚುವಷ್ಟು ತಿರುಗಿತು. ಫೋನಿನಲ್ಲಿ ಉಳಿಸಹೋದರೆ 'ಜಾಗವಿಲ್ಲ' ಎಂದಿತು. ಜಾಗವೆಲ್ಲಿಂದ ಬರಬೇಕು? ಮನೆಗೆಲ್ಲ ಅದೊಂದೇ ಫೋನು. ಮಾವನ ಗೆಳೆಯರು ಕಳಿಸಿದ 'ಶುಭ ಮುಂಜಾನೆ' ಹೂವುಗಳೇ ಅದರಲ್ಲಿ ಹನ್ನೊಂದು ಸಾವಿರವಿದ್ದವು.

"ಇವನ್ನ ಅಳಿಸ್ತೀನಿ ಮಾವ."

"ಒಂದನ್ನೂ ಮುಟ್ಬೇಡ! ನಾಳೆ ಯಾರಾದ್ರೂ ಕೇಳಿದ್ರೆ?"

"ಯಾರು ಕೇಳ್ತಾರೆ, ಆ ಗುಲಾಬಿನಾ?" ಎಂದವಳ ದನಿ ಒಡೆಯಿತು. ಗೋಡೆಗೊರಗಿದ್ದ ಗಂಡ ಅವಳನ್ನೇ ನೋಡುತ್ತಿದ್ದ. ಕೇಳಲು ಅವನಿಗೆ ದನಿಯಿರಲಿಲ್ಲ.

ಮೂರೂ ಕಾಲಿಗೆ ಅವಳು ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಓಡಿದಳು. ಹಿಂದೆ ಏದುಸಿರು ಬಿಡುತ್ತ ಮಾವ. ಅಂಗಡಿಯ ಅಕ್ಕ ಆ ಉತ್ತರ ಓದಿದಳು. ಮುಖ ಇಳಿಯಿತು.

"ಇದು ಮುಟ್ಟಿದ ಉತ್ತರ ಅಲ್ಲ ಕಣೇ. ವಾಪಸ್ ಬಂದ ಮೇಲ್. ನಿಮ್ಮ ಫೈಲು ಇಪ್ಪತ್ತೆರಡು ಎಂಬಿ, ಅವರ ಮೇಲ್ ಪೆಟ್ಟಿಗೆ ತಗೊಳ್ಳೋದು ಹತ್ತೇ ಎಂಬಿ. ದೊಡ್ಡದಾಯ್ತು, ತಗೊಳ್ಳಲ್ಲ ಅಂತ ಬೆಳಿಗ್ಗೆ ಹತ್ತೂ ಕಾಲಿಗೇ ತಿಳಿಸಿದಾರೆ."

ಐದು ತಾಸು ಸುಮ್ಮನೆ ಕಳೆದುಹೋಗಿತ್ತು. ಅವಳು ಸ್ಟೂಲಿನ ಮೇಲೆ ಕುಸಿದಳು.

"ಫೋನಲ್ಲಿ ಅದು ತೆರೀತಾನೂ ಇಲ್ಲ ಅಕ್ಕ."

"ಸ್ಕ್ಯಾನಿನ ಫೈಲು ಎಲ್ಲಾ ಫೋನಲ್ಲೂ ತೆರೆಯಲ್ಲ, ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು. ತೆರೆದು ನೋಡೋದು ಡಾಕ್ಟರ ಕೆಲಸ. ನಮ್ಮ ಕೆಲಸ ಪೂರ್ತಿ ಉಳಿಸಿ ಕಳಿಸೋದು. ಮೊದಲು ನಿನ್ನ ಮೇಲ್ ಇಲ್ಲಿ ತೆರೆದು ನನ್ನ ಕಂಪ್ಯೂಟರಿಗೆ ಇಳಿಸ್ತೀನಿ. ಆಮೇಲೆ ಡ್ರೈವಿಗೆ, ಅಂದ್ರೆ ನೆಟ್ಟಲ್ಲಿರೋ ನನ್ನ ಉಗ್ರಾಣಕ್ಕೆ ಏರಿಸಿ, ಅಲ್ಲಿಗೆ ದಾರಿ ತೋರಿಸೋ ಲಿಂಕ್ ಮಾತ್ರ ಮೇಲ್ ಮಾಡೋಣ. ಲಿಂಕಿಗೆ ಭಾರ ಇಲ್ಲ."

"ಡ್ರೈವಿಗೆ ಹಾಕಿದ್ರೆ ಊರಿಗೆಲ್ಲ ಇವನ ಗಂಟಲು ಕಾಣಲ್ವಾ?" ಮಾವ ಗುಡುಗಿದರು.

"ಆಸ್ಪತ್ರೆ ವಿಳಾಸಕ್ಕೆ ಮಾತ್ರ ನೋಡೋ ಅನುಮತಿ ಕೊಡ್ತೀನಿ ಯಜಮಾನ್ರೇ. ಅವರು ನೋಡಾದ್ಮೇಲೆ ಇಲ್ಲಿಂದ ಅಳಿಸ್ತೀನಿ. ಇವಳ ಮೇಲ್‌ನಿಂದಲೂ ಲಾಗೌಟ್ ಆಗ್ತೀನಿ."

ಫೈಲು ಬಸವನಹುಳುವನ್ನೂ ಮುಂದೆ ಬಿಟ್ಟು ಇಳಿಯತೊಡಗಿತು. ಹದಿನಾಲ್ಕು ಎಂಬಿಗೆ ನೆಟ್ ಹೋಯಿತು.

"ಹದಿನಾಲ್ಕು ಬಂತಲ್ಲ, ಕಳಿಸಿಬಿಡು. ಕತ್ತಿನವರೆಗಾದ್ರೂ ಬಂದಿರತ್ತೆ," ಎಂದರು ಮಾವ.

"ಅರ್ಧ ಇಳಿದಿದ್ದು ಯಾರ ಹತ್ರನೂ ತೆರೆಯಲ್ಲ. ಅಳಿಸಿ ಮೊದಲಿಂದ ಇಳಿಸ್ಬೇಕು."

ನೆಟ್ ಬಂದು, ಮೊದಲಿಂದ ಇಳಿಸುವಷ್ಟರಲ್ಲಿ ನಾಲ್ಕಾಯಿತು. ಪೂರ್ತಿ ಇಪ್ಪತ್ತೆರಡೂ ಇಳಿದಿವೆಯೇ ಎಂದು ಅಳತೆ ನೋಡಿ, ಡ್ರೈವಿಗೆ ಏರಿಸಿ, ಲಿಂಕ್ ಕಳಿಸುವ ಹೊತ್ತಿಗೆ ನಾಲ್ಕೂ ಹದಿನೆಂಟು. ಅವಳು ಆಸ್ಪತ್ರೆಗೆ ಫೋನ್ ಮಾಡಿದಳು.

"ಈಗ ಬಂತಮ್ಮಾ, ತೆರೀತಾನೂ ಇದೆ. ಆದ್ರೆ ಗುರುವಾರದ ಜಾಗ ನಾಲ್ಕು ಗಂಟೆ ಐದು ನಿಮಿಷಕ್ಕೆ ಬೇರೆಯವರಿಗೆ ಕೊಟ್ವಿ. ಅವರದ್ದೂ ಗಂಟಲೇ."

"ಮತ್ತೆ... ನಮ್ಮದು?"

"ನಲವತ್ತೊಂದು ದಿನ ಆಗತ್ತೆ. ಮಧ್ಯೆ ಉಸಿರಾಟ ಕಷ್ಟ ಆದ್ರೆ ತಡ ಮಾಡ್ದೆ ಎಮರ್ಜೆನ್ಸಿಗೆ ಕರ್ಕೊಂಡ್ಬನ್ನಿ."

ಅವಳು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಮಾವನಿಗೆ ಎಷ್ಟೋ ಹಗುರಾಗುತ್ತಿತ್ತು. ಮನೆಗೆ ಬಂದು ಗಂಡನ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಅವನು ಕೇಳಿ, ನಲವತ್ತೊಂದನ್ನು ಬೆರಳಲ್ಲಿ ಲೆಕ್ಕ ಹಾಕಲು ಹೊರಟು, ಹತ್ತಕ್ಕೆ ನಿಂತ.

ಮಾವ ಬಾಗಿಲಲ್ಲೇ ನಿಂತಿದ್ದರು. "ಇನ್ಮೇಲೆ ಏನೇ ಉತ್ತರ ಬರಲಿ, ಓದಮ್ಮ. ಓದಕ್ಕೆ ಬರ್ದಿದ್ರೆ ಬಲ್ಲವರ ಹತ್ರ ಓದ್ಸು. ನಾನು ಹೇಳ್ದೆ ಅಂತ ನಂಬಬೇಡ," ಎಂದರು. ಅರವತ್ತೆಂಟು ವರ್ಷದಲ್ಲಿ ಅವರ ಬಾಯಿಂದ ಇಂಥ ಮಾತು ಬಂದದ್ದು ಅದೊಂದೇ ಸಲ. ಬಂದು ಪ್ರಯೋಜನವೂ ಇರಲಿಲ್ಲ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಫೋನಿನಲ್ಲಿ ಜಾಗ ಎಷ್ಟು ಉಳಿದಿದೆ? ಇವತ್ತೇ ನೋಡಿ, ಬೇಡದ್ದನ್ನು ಅಳಿಸಿ. ದೊಡ್ಡ ಫೈಲು ಬಂದರೆ ಮೇಲ್‌ನೊಳಗೇ ಒತ್ತುತ್ತ ಕೂರಬೇಡಿ. ಮೊದಲು ಪೂರ್ತಿ ಇಳಿಸಿ ಉಳಿಸಿಕೊಳ್ಳಿ, ಅರ್ಧಕ್ಕೆ ನಿಂತಿದ್ದರೆ ಅಳಿಸಿ ಹೊಸದಾಗಿ ಇಳಿಸಿ. ಗುರುತಿಲ್ಲದವರು ಕಳಿಸಿದ್ದನ್ನು ಮಾತ್ರ ತೆರೆಯಲೇಬೇಡಿ. ಮೇಲ್ ಹೊರಲಾರದಷ್ಟು ದೊಡ್ಡದನ್ನು ಡ್ರೈವಿಗೆ ಏರಿಸಿ, ಬೇಕಾದವರಿಗಷ್ಟೇ ಅನುಮತಿ ಕೊಟ್ಟು ಲಿಂಕ್ ಕಳಿಸಿ. ಕಡೆಯ ದಿನಕ್ಕೆ ಕಾಯಬೇಡಿ. ಕಳಿಸಿದ ಮೇಲೆ ಒಂದು ಫೋನ್ ಮಾಡಿ ಕೇಳಿ: "ಬಂತಾ? ತೆರೀತಾ?"

ಬೆಳಿಗ್ಗೆ ಹತ್ತೂ ಕಾಲಿಗೆ ಆ ಮನೆಯಲ್ಲಿ ಈ ಎರಡು ಮಾತು ಯಾರೂ ಕೇಳಲಿಲ್ಲ. ನೀವು ಕೇಳಿ.