ಸೋಮಯ್ಯನ ಹಲ್ಲು

ಚಂದ್ರನಲ್ಲಿ ಮೊಲವಿರುವುದು ಲೋಕಕ್ಕೆಲ್ಲ ಗೊತ್ತು. ಅದು ಒಂದು ಸಂಜೆ ಬಸ್ಸಿನಲ್ಲಿ ಕೂತು ಹೆತ್ತೂರಿಗೆ ಬಂದಿಳಿಯಿತು ಎಂಬುದು ಮಾತ್ರ ಭದ್ರಮ್ಮನೊಬ್ಬಳಿಗೇ ಗೊತ್ತಿದ್ದ ಸಂಗತಿ.

ತಂದವನು ಅವಳ ತಮ್ಮ, ಕುಂದೂರಿನ ಲಿಂಗಪ್ಪ. ಮೊಲ ಸಾಕಿ ಮಾರುತ್ತೇನೆಂದು ಹೊರಟವನು, ಅವುಗಳ ಸಂತಾನ ಹೆಚ್ಚುವ ವೇಗಕ್ಕೆ ಬೆದರಿ, ನೆಂಟರ ಮನೆಗೆ ಹೋಗುವಾಗಲೆಲ್ಲ ಬಾಳೆಹಣ್ಣಿನ ಬದಲು ಒಂದೊಂದು ಮರಿ ಒಯ್ಯುತ್ತಿದ್ದ. ಅಕ್ಕನ ಮನೆಯ ಪಾಲಿನದು ಬಂದದ್ದು ತೊಂಬತ್ತೇಳರ ಕಾರ್ತಿಕ ಹುಣ್ಣಿಮೆಯ ದಿನ. ಭದ್ರಮ್ಮ ಹೊಸ್ತಿಲಿಗೆ ದೀಪವಿಟ್ಟು ತಲೆಯೆತ್ತಿದಳು. ಅತ್ತ ಗುಡ್ಡದ ನೆತ್ತಿಯಲ್ಲಿ ಚಂದ್ರ, ಇತ್ತ ಜಗಲಿಯ ಮೇಲೆ ತಮ್ಮನ ಚೀಲದಿಂದ ಇಣುಕುವ ಬಿಳಿ ಮರಿ. ಅವಳ ಕೈ ತಾನಾಗಿ ಮುಗಿಯಿತು.

"ಈಶ್ವರನ ಮುಡಿ ಮೇಲೆ ಚಂದ್ರ, ಚಂದ್ರನ ಮಡಿಲಲ್ಲಿ ಮೊಲ. ಇದು ಅಲ್ಲಿಂದ್ಲೇ ಬಂದಿರಾದು," ಎಂದಳು.

"ಕುಂದೂರಿಂದ ಬಂದಿರಾದು ಕಣಕ್ಕ," ಎಂದ ಲಿಂಗಪ್ಪ. "ಬೇಕಾದ್ರೆ ಬಸ್ ಟಿಕೆಟ್ ಐತೆ, ನೋಡು."

ಟಿಕೆಟ್ಟನ್ನು ಯಾರು ನೋಡುತ್ತಾರೆ? ಮರಿಗೆ ಸೋಮಯ್ಯ ಎಂದು ಹೆಸರಾಯಿತು.

ಭದ್ರಮ್ಮನ ಗಂಡ ಗುಂಡಯ್ಯನ ಕಾಫಿ ತೋಟ ಚಿಕ್ಕದು, ಹೆಸರು ದೊಡ್ಡದು. ಆ ಸೀಮೆಯಲ್ಲಿ ಎತ್ತು ಕೊಳ್ಳುವವರು ಅವನನ್ನು ಜೊತೆಗೆ ಕರೆದುಕೊಂಡೇ ಜಾತ್ರೆಗೆ ಹೋಗುತ್ತಿದ್ದರು. ಎತ್ತಿನ ತುಟಿ ಸರಿಸಿ ಹಲ್ಲಿನ ಸಾಲು ಒಮ್ಮೆ ನೋಡಿದನೆಂದರೆ ಅದರ ವಯಸ್ಸು, ಅದು ತಿಂದ ಮೇವು, ಮಾರುವವನ ಸುಳ್ಳು, ಮೂರನ್ನೂ ಹೇಳಿಬಿಡುತ್ತಿದ್ದ. ಮೊಲ ಬಂದ ದಿನವೂ ಅಭ್ಯಾಸಬಲದಿಂದ ಅವನ ಹೆಬ್ಬೆರಳು ಅದರ ತುಟಿಗೆ ಹೋಯಿತು. ಭದ್ರಮ್ಮ ಕೈಮೇಲೆ ಪಟ್ಟೆಂದು ಹೊಡೆದಳು.

"ಸಂತೆ ಎತ್ತಾ ಅದು? ಈಶ್ವರನ ಪರಿವಾರದ್ದು. ಬಾಯಿಗೆ ಬೆರಳು ಹಾಕಿದ್ರೆ ನೋಡಿ ಇನ್ನ."

"ಹಲ್ಲು ಐತೋ ಇಲ್ವೋ ನೋಡ್ದೆ ಕಣೇ."

"ದೇವಲೋಕದೋರ ಹಲ್ಲು ಎಣಿಸಬಾರ್ದು."

ಅಲ್ಲಿಗೆ ಆ ಮಾತು ಮುಗಿಯಿತು. ಗುಂಡಯ್ಯ ಮತ್ತೆ ಆ ಬಾಯಿಯ ತಂಟೆಗೆ ಹೋಗಲಿಲ್ಲ.

ಸೋಮಯ್ಯನ ಊಟದ ವಿಚಾರದಲ್ಲೂ ಭದ್ರಮ್ಮನದು ಒಂದು ಕಟ್ಟುಪಾಡಿತ್ತು. ಚೌತಿಯ ದಿನ ಹೊಟ್ಟೆ ತುಂಬ ಕಡುಬು ತಿಂದು ಹೊರಟ ಗಣಪತಿಯನ್ನು ನೋಡಿ ಚಂದ್ರ ನಕ್ಕದ್ದು, ಗಣಪತಿ ಸಿಟ್ಟಿನಲ್ಲಿ ತನ್ನ ದಂತವನ್ನೇ ಮುರಿದು ಅವನತ್ತ ಬೀಸಿದ್ದು ಅವಳಿಗೆ ಅಜ್ಜಿ ಹೇಳಿದ ಕಥೆ. ಗರಿಕೆ ಗಣಪತಿಯದು, ಮೊಲ ಚಂದ್ರನದು. ಜಗಳವಾಡಿದ ಮನೆಯ ಹುಲ್ಲನ್ನು ಈ ಮನೆಯ ಕೂಸಿಗೆ ತಿನ್ನಿಸಬಹುದೇ? ಹಿತ್ತಲ ಹುಲ್ಲೆಂದರೆ ಗರಿಕೆ ಬೆರೆತೇ ಇರುತ್ತದೆ. ಆದ್ದರಿಂದ ಹುಲ್ಲೇ ಬೇಡ. ಬಾಳೆಹಣ್ಣು, ಬೆಲ್ಲ ಕಲಸಿದ ನೆನೆದ ಅವಲಕ್ಕಿ, ಮೆತ್ತಗಿನ ಮೊಸರನ್ನ, ಹಬ್ಬವಾದರೆ ಕಡುಬಿನ ಹೂರಣ. ದೇವರಿಗೆ ತೋರಿಸಿದ್ದೆಲ್ಲ ಸೋಮಯ್ಯನಿಗೆ. ಅವನೂ ತಿಂದು ದುಂಡಗಾದ.

ವರ್ಷ ಕಳೆಯಿತು. ಸಂಜೆ ಭದ್ರಮ್ಮ ದೀಪ ಹಚ್ಚಿ ಕೂತು ಹಾಡುವಾಗ ಸೋಮಯ್ಯ ಅವಳ ಮಗ್ಗುಲಿಗೆ ಬಂದು ಕೂರುತ್ತಿದ್ದ. ಒಂದು ದಿನ ದೀಪದ ಬೆಳಕಿನಲ್ಲಿ ನೋಡುತ್ತಾಳೆ, ಅವನ ಎಡಗಣ್ಣಿಂದ ನೀರು ಇಳಿಯುತ್ತಿದೆ. ಮರುದಿನವೂ ಇಳಿಯಿತು. ಅವಳಿಗೆ ಮೈ ಜುಮ್ಮೆಂದಿತು. ಎಷ್ಟು ಜನ್ಮದ ಭಕ್ತಿಯೋ! ನೆರೆಮನೆಯ ಚೌಡಮ್ಮ ಬಂದು ನೋಡಿ ತಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೋಗುವಾಗ, "ಭಕ್ತಿನೂ ಇರಬೋದು, ದೃಷ್ಟಿನೂ ಇರಬೋದು, ಯಾವುದಕ್ಕೂ ನಂದಿಬಟ್ಟಲು ಹೂವು ನೆನೆಸಿದ ನೀರಲ್ಲಿ ಒರೆಸು," ಎಂದು ಎರಡೂ ಕಡೆಗೆ ಮಾತು ಹೇಳಿ ಹೋದಳು.

ಗುಂಡಯ್ಯನದು ಮೂರನೆಯ ಅಭಿಪ್ರಾಯ. "ನಿನ್ನ ರಾಗ ಕೇಳಿ ಅಳ್ತಾ ಐತೆ ಕಣೇ. ನಂಗೂ ಬರುತ್ತೆ, ತಡ್ಕೋತೀನಿ."

ಮಾಘದ ಸಂಕಷ್ಟಿ ಬಂತು. ಕಾಫಿ ಕೊಯ್ಲು ಮುಗಿದು ಕಣದಲ್ಲಿ ಹಣ್ಣು ಒಣಗುತ್ತಿದ್ದ ಕಾಲ. ಭದ್ರಮ್ಮ ಪ್ರತಿ ಸಂಕಷ್ಟಿಗೂ ಉಪವಾಸವಿದ್ದು, ಚಂದ್ರನನ್ನು ನೋಡಿ ಅರ್ಘ್ಯ ಬಿಟ್ಟ ಮೇಲೆಯೇ ಉಣ್ಣುವವಳು. ಆ ದಿನ ಬೆಳಗ್ಗೆ ಅವಲಕ್ಕಿಯ ಬಟ್ಟಲು ಹಾಗೆಯೇ ಉಳಿದಿತ್ತು. ಮಧ್ಯಾಹ್ನ ಬಾಳೆಹಣ್ಣೂ ಉಳಿಯಿತು.

"ನೋಡಿದ್ರಾ? ನನ್ ಜೊತೆ ಉಪವಾಸ ಕೂತವ್ನೆ. ಚಂದ್ರ ಮೂಡಲಿ, ತಿಂತಾನೆ," ಎಂದು ಅವಳು ಓಣಿಗೆಲ್ಲ ಹೇಳಿದಳು.

ಚಂದ್ರ ಮೂಡಿದ. ಅರ್ಘ್ಯ ಬಿಟ್ಟಾಯಿತು. ಭದ್ರಮ್ಮ ಉಂಡಳು, ಸೋಮಯ್ಯ ಉಣ್ಣಲಿಲ್ಲ.

ಬೆಳಗಾಗುವಷ್ಟರಲ್ಲಿ ಅವನ ಗಲ್ಲವೆಲ್ಲ ಜೊಲ್ಲಿನಿಂದ ತೊಯ್ದು ಕೂದಲು ಗಂಟುಗಟ್ಟಿತ್ತು. ಮೂಲೆಯಲ್ಲಿ ಮುದುಡಿ ಕೂತಿದ್ದ. ಬಾಳೆಹಣ್ಣು ಹಿಡಿದರೆ ಆಸೆಯಿಂದ ಬಂದು ಮೂಸಿದ, ಬಾಯಿ ಹಚ್ಚಿದ, ಕಚ್ಚಲಾಗದೆ ಬಿಟ್ಟ.

ಗುಂಡಯ್ಯನ ಮುಖದ ನಗೆ ಹೋಯಿತು. "ಉಪವಾಸ ಮಾಡೋನು ಮೊಕ ತಿರುಗಿಸ್ತಾನೆ ಭದ್ರಿ. ಇವ್ನು ಬಂದು ಬಂದು ಸೋಲ್ತಾವ್ನೆ. ಹಸಿವೈತೆ, ತಿನ್ನಕ್ಕಾಗ್ತಿಲ್ಲ. ಏಳು, ಬುಟ್ಟಿ ತಗೋ."

ಭದ್ರಮ್ಮ ಬುಟ್ಟಿಗೆ ತನ್ನ ಹಳೆಯ ಸೀರೆ ಹಾಸಿದಳು. ನಿನ್ನೆ ಓಣಿಗೆಲ್ಲ ಹೇಳಿಕೊಂಡವಳು ಇವತ್ತು ಬುಟ್ಟಿಗೆ ಬಟ್ಟೆ ಮುಚ್ಚಿ ಓಣಿ ದಾಟಿದಳು.

ಸಕಲೇಶಪುರದ ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿ ನೋಡಿ, "ಕೋಳಿನಾ?" ಎಂದ.

"ಅಲ್ಲಪ್ಪ, ಸೋಮಯ್ಯ," ಎಂದಳು ಭದ್ರಮ್ಮ.

ಕಂಡಕ್ಟರ್ ಬಟ್ಟೆ ಸರಿಸಿ ನೋಡಿ, ಒಂದು ಕ್ಷಣ ಯೋಚಿಸಿ, "ಸೋಮಯ್ಯನ್ನ ಕಿಟಕಿ ಪಕ್ಕ ಕೂರ್ಸಿ ಅಮ್ಮ, ಗಾಳಿ ಆಡುತ್ತೆ," ಎಂದು ಮುಂದೆ ಹೋದ.

ಪಶು ಆಸ್ಪತ್ರೆಯ ಡಾಕ್ಟರ್ ಯೋಗಾನಂದ ದನ ಎಮ್ಮೆಗಳ ನಡುವೆ ದಿನ ಕಳೆಯುವವರು. ಬುಟ್ಟಿಯೊಳಗಿನ ಪೇಷೆಂಟನ್ನು ನೋಡಿ ಅವರಿಗೂ ಖುಷಿಯಾಯಿತು. ಕಣ್ಣು ನೋಡಿದರು, ತೊಯ್ದ ಗಲ್ಲ ಮುಟ್ಟಿದರು.

"ಏನು ತಿನ್ನಿಸ್ತೀರಮ್ಮ?"

ಭದ್ರಮ್ಮ ಅವಲಕ್ಕಿಯಿಂದ ಹೂರಣದವರೆಗೆ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಸ್ವಲ್ಪ ಹೆಮ್ಮೆಯಾಯಿತು.

"ನಮ್ಮನೇಲೂ ಇಷ್ಟು ಚೆನ್ನಾಗಿ ಹಾಕಲ್ಲ," ಎಂದರು ಡಾಕ್ಟರು. "ಹುಲ್ಲು?"

ಗುಂಡಯ್ಯ ಮಾಡಿನ ಹೆಂಚು ನೋಡತೊಡಗಿದ. "ಹುಲ್ಲು ಮುಟ್ಟಿಸೋ ಹಂಗಿಲ್ಲ ಸಾರ್, ಮೇಲಿಂದ ಅಪ್ಪಣೆ ಐತೆ," ಎಂದ.

ಡಾಕ್ಟರು ಮೆಲ್ಲಗೆ ಮೊಲದ ತುಟಿ ಸರಿಸಿದರು. ಗುಂಡಯ್ಯ ಬಗ್ಗಿ ನೋಡಿದ. ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದೆ ಬೆಳೆದಿದ್ದವು. ಕೆಳಗಿನವು ತುಟಿಯ ಕೂದಲಿನ ಮರೆಯಲ್ಲಿ ಹಂದಿಯ ಕೋರೆಯಂತೆ ಹೊರಕ್ಕೆ ಚಾಚಿದ್ದರೆ, ಮೇಲಿನವು ಕುಡುಗೋಲಿನಂತೆ ಒಳಕ್ಕೆ ಬಾಗಿದ್ದವು.

"ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ," ಎಂದರು ಡಾಕ್ಟರು. "ದಿನವಿಡೀ ಹುಲ್ಲು ಅಗಿದರೆ ಹಲ್ಲಿಗೆ ಹಲ್ಲು ಉಜ್ಜಿ ಸವೆದು ಸರಿ ಅಳತೇಲಿ ಇರುತ್ತೆ. ಮೊಸರನ್ನದಲ್ಲಿ ಸವೆಯೋಕೆ ಏನಿದೆ? ಹಲ್ಲು ಈ ಕಡೆ ಬೆಳೆದ ಹಾಗೇ ಬೇರು ಮೇಲುಗಡೆಗೂ ಒತ್ತುತ್ತೆ. ಕಣ್ಣೀರು ಮೂಗಿಗೆ ಇಳಿಯೋ ಸಣ್ಣ ಕೊಳವೆ ಅಲ್ಲೇ ಹಾದು ಹೋಗೋದು. ಅದು ಮುಚ್ಚಿಕೊಂಡರೆ ನೀರು ಕೆನ್ನೆ ಮೇಲೆ ಹರಿಯುತ್ತೆ. ಕಣ್ಣಿನ ಕಾಯಿಲೆ ಅಲ್ಲ ಇದು, ಹಲ್ಲಿನದು."

ಭದ್ರಮ್ಮ ಸೆರಗಿನ ತುದಿ ಹಿಡಿದು ನಿಂತಳು. ಹಾಗಾದರೆ ಅಷ್ಟು ಸಂಜೆಗಳ ಕಣ್ಣೀರು ಭಕ್ತಿಯದಲ್ಲ, ನೋವಿನದು. ಪಕ್ಕದಲ್ಲೇ ಕೂತು ಅತ್ತವನ ಮುಂದೆ ತಾನು ಹಾಡುತ್ತಿದ್ದಳು.

"ಮೂರು ತಾಲೂಕಿನ ಎತ್ತಿನ ಬಾಯಿ ನೋಡ್ದೆ," ಎಂದ ಗುಂಡಯ್ಯ, ಯಾರಿಗೆಂದಿಲ್ಲದೆ. "ಮನೆಯೊಳಗಿಂದು ನೋಡ್ಲಿಲ್ಲ."

"ನಾನು ಬಿಟ್ಟಿದ್ರೆ ತಾನೇ ನೀವು ನೋಡೋದು," ಎಂದಳು ಅವಳು ಸಣ್ಣ ದನಿಯಲ್ಲಿ.

ಡಾಕ್ಟರ ಹತ್ತಿರ ಇದ್ದ ಸಲಕರಣೆಗಳೆಲ್ಲ ಎಮ್ಮೆಯ ಅಳತೆಯವು. ಕಟ್ಟರ್‌ನಿಂದ ಕತ್ತರಿಸಿದರೆ ಹಲ್ಲು ಸೀಳುವ ಭಯವಿತ್ತು. ಅವರು ಬುಟ್ಟಿಯನ್ನು ತಾವೇ ಎತ್ತಿಕೊಂಡು, ಪೇಟೆಯಲ್ಲಿದ್ದ ತಮ್ಮ ಗೆಳತಿ, ಮನುಷ್ಯರ ಹಲ್ಲಿನ ಡಾಕ್ಟರ್ ಸುಚಿತ್ರಾ ಅವರ ಷಾಪಿಗೆ ನಡೆದರು.

ಅಲ್ಲಿ ಬೆಂಚಿನ ಮೇಲೆ ಹೆತ್ತೂರಿನವರೇ ಆದ ರುದ್ರಯ್ಯ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಊದಿದ ಕೆನ್ನೆಗೆ ಟವಲ್ ಒತ್ತಿಕೊಂಡು ಕೂತಿದ್ದರು. ಒಳಗಿನಿಂದ ಹಲ್ಲು ಕೊರೆಯುವ ಮಿಷನ್ನಿನ ಕುಂಯ್ ಸದ್ದು ಬಂದಾಗಲೆಲ್ಲ ಅವರು ಬಾಗಿಲಿನ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತಿದ್ದರು.

"ಏನ್ ಭದ್ರಮ್ಮಕ್ಕ, ನಿಮಗೂ ಹಲ್ಲಾ?"

"ನಂಗಲ್ಲ ರುದ್ರಣ್ಣ, ಇವ್ನಿಗೆ."

ರುದ್ರಯ್ಯ ಬುಟ್ಟಿಯೊಳಗೆ ಇಣುಕಿದರು. ಅವರ ಮುಖಕ್ಕೆ ಕಳೆ ಬಂತು. "ಪಾಪ, ಮೂಕಪ್ರಾಣಿ. ಮೊದ್ಲು ಅದುಕ್ಕೆ ನೋಡ್ಲಿ ಕಣ್ರೀ. ನಂದೇನೂ ಅರ್ಜೆಂಟಿಲ್ಲ. ನಾಳೆ ಬೇಕಾದ್ರೂ ಬತ್ತೀನಿ."

"ನೀವು ಅಲ್ಲೇ ಕೂತಿರಿ," ಎಂದು ಒಳಗಿನಿಂದ ಡಾಕ್ಟರ್ ಸುಚಿತ್ರಾ ಕೂಗಿದರು.

ಸೋಮಯ್ಯನನ್ನು ಗುಂಡಯ್ಯನ ಟವಲ್ಲಿನಲ್ಲಿ ತೊಟ್ಟಿಲ ಕೂಸಿನಂತೆ ಸುತ್ತಿದರು. ಎತ್ತುಗಳ ಬಾಯಿ ಹಿಡಿದು ಪಳಗಿದ ಗುಂಡಯ್ಯನ ಕೈಯೇ ತಲೆ ಹಿಡಿಯಿತು. ಮಿಷನ್ ಕುಂಯ್ಗುಟ್ಟಿತು. ಬಾಗಿದ ಹಲ್ಲುಗಳು ಅಕ್ಕಿಹಿಟ್ಟಿನಂತಹ ಪುಡಿಯಾಗಿ ಉದುರಿ, ಅರ್ಧ ಬೆರಳುದ್ದ ಇದ್ದದ್ದು ಭತ್ತದ ಕಾಳಿನಷ್ಟಾಯಿತು. ಒಳಗಿನ ದವಡೆ ಹಲ್ಲು ಇನ್ನೂ ಕೆಟ್ಟಿರಲಿಲ್ಲ. ಆಮೇಲೆ ಯೋಗಾನಂದರು ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು, ಕೂದಲಿನಂತಹ ನಳಿಗೆಯಿಂದ ಉಪ್ಪುನೀರು ಹಾಯಿಸಿದರು. ಮೊದಲು ಕೀವು ಬಂತು, ಬಳಿಕ ಮೂಗಿನ ತುದಿಯಲ್ಲಿ ತಿಳಿಯಾದ ಒಂದು ಹನಿ. ಭದ್ರಮ್ಮ ಮೂಲೆಯಲ್ಲಿ ನಿಂತು ಅಷ್ಟೂ ಹೊತ್ತು ಶಿವನಾಮ ಹೇಳುತ್ತಿದ್ದಳು. ಸೋಮಯ್ಯ ಚಕಾರವೆತ್ತಲಿಲ್ಲ.

"ನೋಡಿದಿರಾ ರುದ್ರಯ್ಯನವರೇ, ಎಷ್ಟು ಧೈರ್ಯ," ಎಂದರು ಸುಚಿತ್ರಾ.

"ಅದುಕ್ಕೆ ಮಾತು ಬರಲ್ಲ ಡಾಕ್ಟ್ರೇ," ಎಂದರು ರುದ್ರಯ್ಯ. "ಬಂದಿದ್ರೆ ಗೊತ್ತಾಗ್ತಿತ್ತು."

ಹೊರಡುವಾಗ ಯೋಗಾನಂದರು ತಗ್ಗಿದ ದನಿಯಲ್ಲಿ ಹೇಳಿದರು: "ನಮ್ಮ ಕೆಲಸ ಆಯಿತು. ಆದರೆ ಮೊಲದ ಹೊಟ್ಟೆ ಖಾಲಿ ಇದ್ದು ಕರುಳಿನ ಓಟ ನಿಂತುಬಿಟ್ಟರೆ ಮತ್ತೆ ನಡೆಸೋದು ಬಹಳ ಕಷ್ಟ. ಇವತ್ತೇ ತಿನ್ನಬೇಕು. ಬಾಯಿ ನೊಂದಿದೆ, ಎಳೆ ಹುಲ್ಲು ಕೊಡಿ. ಗರಿಕೆ ಆದರೆ ಇನ್ನೂ ಒಳ್ಳೇದು."

ದಾರಿಯುದ್ದಕ್ಕೂ ಆ ಒಂದು ಪದ ಭದ್ರಮ್ಮನ ತಲೆಯಲ್ಲಿ ಕುದಿಯಿತು.

ಮನೆ ಸೇರುವಾಗ ಹೊತ್ತು ಇಳಿದಿತ್ತು. ಗುಂಡಯ್ಯ ಕೊಟ್ಟಿಗೆಯಿಂದ ಒಣಹುಲ್ಲು ತಂದು ಹಿಡಿದ. ಸೋಮಯ್ಯ ಮೂಸಿ ಮುಖ ತಿರುಗಿಸಿದ. ಬೇಲಿಯ ಬದಿಯ ಹುಲ್ಲೆಲ್ಲ ಮಾಘದ ಬಿಸಿಲಿಗೆ ಒಣಗಿ ಚುಚ್ಚುತ್ತಿತ್ತು. ಹಸಿರು ಉಳಿದದ್ದು ಒಂದೇ ಕಡೆ: ಬಾವಿಕಟ್ಟೆಯ ಪಕ್ಕ, ಗಣಪತಿ ಕಲ್ಲಿನ ಸುತ್ತ. ದಿನವೂ ಭದ್ರಮ್ಮ ತಾನೇ ನೀರೆರೆದು, ಪೂಜೆಗೆಂದು ಬೆಳೆಸಿದ ಗರಿಕೆ.

ಗುಂಡಯ್ಯ ಅತ್ತ ನೋಡಿದ, ಹೆಂಡತಿಯ ಮುಖ ನೋಡಿದ. ಬುಟ್ಟಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತ.

ಭದ್ರಮ್ಮ ಕೈಕಾಲು ತೊಳೆದು ಕಲ್ಲಿನ ಮುಂದೆ ಹೋಗಿ ಕೂತಳು. ದೊಡ್ಡ ಪ್ರಾರ್ಥನೆ ಯಾವುದೂ ನೆನಪಾಗಲಿಲ್ಲ. ಮನೆಯ ಹಿರಿಯನೊಡನೆ ಮಾತಾಡುವಂತೆ ಮಾತಾಡಿದಳು.

"ಅಪ್ಪಾ, ನಿನ್ನೆ ತಾನೇ ನಿನ್ನ ಹೆಸರಲ್ಲಿ ಉಪವಾಸ ಇದ್ದೆ. ಚಂದ್ರನ್ನ ನೋಡಿ ಅರ್ಘ್ಯ ಬಿಟ್ಟು..."

ಅಷ್ಟಕ್ಕೇ ಅವಳ ಮಾತು ನಿಂತಿತು. ಸಂಕಷ್ಟಿ ಗಣಪತಿಯದು. ಆದರೆ ಚಂದ್ರನ ಮುಖ ನೋಡದೆ ಅದು ಮುಗಿಯುವುದಿಲ್ಲ. ಮದುವೆಯಾಗಿ ಬಂದಂದಿನಿಂದ ತಿಂಗಳು ತಿಂಗಳೂ ಅವರಿಬ್ಬರನ್ನು ಒಂದೇ ನೀರಿನಲ್ಲಿ ಕೂಡಿಸುತ್ತ ಬಂದವಳು ತಾನೇ! ಕಥೆಯಲ್ಲಿ ಜಗಳದ ಭಾಗ ಅವಳಿಗೆ ಬಾಯಿಪಾಠವಿತ್ತು. ಸಮಾಧಾನದ ಭಾಗವನ್ನು ಕೈಯಲ್ಲಿ ಮಾಡುತ್ತಿದ್ದಳೇ ಹೊರತು ಮನಸ್ಸಿಗೆ ತಂದುಕೊಂಡಿರಲಿಲ್ಲ. ಅವಳು ಕಲ್ಲಿನ ಮೇಲೆ ಮಾಸಿದ ಆ ಮೊಟಕು ದಂತವನ್ನು ನೋಡಿದಳು.

"ಹಲ್ಲು ಮುರ್ಕೊಂಡೋನಿಗೆ ಹಲ್ಲಿನ ಕಷ್ಟ ನಾನು ಹೇಳ್ಬೇಕಾ?" ಎಂದಳು.

ಎಳೆಯ ಗರಿಕೆ ಆರಿಸಿ ಕಿತ್ತು, ತೊಳೆದು, ಮೊದಲು ಗಣಪತಿಯ ಮುಡಿಗೆ ಏರಿಸಿದಳು. ಕೈಮುಗಿದು ಅದನ್ನೇ ಪ್ರಸಾದವಾಗಿ ಇಳಿಸಿಕೊಂಡು ಬುಟ್ಟಿಯ ಬಳಿ ಬಂದು, ಒಂದು ಕುಡಿ ಹಿಡಿದಳು.

ಸೋಮಯ್ಯ ಮೂಸಿದ. ತುಟಿ ಅಲ್ಲಾಡಿಸಿದ. ತುದಿಯನ್ನು ಹಿಡಿದು ಬಿಟ್ಟ. ಮತ್ತೆ ಹಿಡಿದ. ಆಗ, ಆ ಮನೆಯಲ್ಲಿ ಅವನು ಬಂದಂದಿನಿಂದ ಯಾರೂ ಕೇಳದಿದ್ದ ಒಂದು ಸದ್ದು ಕೇಳಿಸಿತು: ಕರ್, ಕರ್, ಕರ್. ಹುಲ್ಲಿನ ಎಸಳು ನೂಲಿನಂತೆ ಬಾಯೊಳಗೆ ಸರಿದುಹೋಯಿತು. ಭದ್ರಮ್ಮ ಇನ್ನೊಂದು ಹಿಡಿದಳು. ಅದೂ ಹೋಯಿತು.

ಗುಂಡಯ್ಯ ಕಣ್ಣೊರೆಸಿಕೊಂಡು ಕೇಳಿದ, "ಏನಂದ ಗಣಪ್ಪ?"

"ಅವ್ರಿಬ್ರೂ ರಾಜಿಯಾಗಿ ಯಾವ ಕಾಲ ಆಯ್ತಂತೆ. ನಂಗೊಬ್ಬಳಿಗೇ ಸುದ್ದಿ ಮುಟ್ಟಿರ್ಲಿಲ್ಲ."

ಅಂದಿನಿಂದ ಸೋಮಯ್ಯನಿಗೆ ಮೂರು ಹೊತ್ತೂ ಹುಲ್ಲು. ಬಾಳೆಹಣ್ಣು ಹಬ್ಬಕ್ಕೆ ಒಂದು ತುಣುಕು. ಹಲ್ಲು ಮತ್ತೆ ವಾರೆಯಾದಾಗ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಸಕಲೇಶಪುರಕ್ಕೆ ಹೋಗಿ ಉಜ್ಜಿಸಿಕೊಂಡು ಬರುತ್ತಿದ್ದ. ಪ್ರತಿ ಸೋಮವಾರ ಗುಂಡಯ್ಯ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೆಂಡತಿಯ ಎದುರೇ ತುಟಿ ಸರಿಸಿ ನೋಡುತ್ತಿದ್ದ. ಅವಳು ದೀಪ ಹಿಡಿದು ನಿಲ್ಲುತ್ತಿದ್ದಳು.

ಎಡಗಣ್ಣು ಮಾತ್ರ ಪೂರ್ತಿ ಒಣಗಲಿಲ್ಲ. ಒತ್ತಿದ ಬೇರು ಹಿಂದಕ್ಕೆ ಬರುವುದಿಲ್ಲ, ಶುಭ್ರವಾಗಿ ಒರೆಸುತ್ತಿರಿ ಸಾಕು ಎಂದಿದ್ದರು ಡಾಕ್ಟರು. ಹಾಗಾಗಿ ಸಂಜೆ ಭದ್ರಮ್ಮ ಹಾಡುವಾಗ ಒಂದೊಂದು ದಿನ ಒಂದು ಹನಿ ಇಳಿಯುತ್ತಿತ್ತು. ಆಗೆಲ್ಲ ಅವಳು ಹಾಡು ನಿಲ್ಲಿಸಿ, ಗಂಡನನ್ನು ಕರೆಯುತ್ತಿದ್ದಳು.

ಗುಂಡಯ್ಯ ಬಂದು, ಜಾತ್ರೆಯ ಗತ್ತಿನಲ್ಲಿ ಬಾಯಿ ತೆರೆಸಿ ನೋಡಿ ತೀರ್ಪು ಹೇಳುತ್ತಿದ್ದ: "ಹಲ್ಲು ಸರಿಯಾಗೈತೆ ಕಣೇ. ಇವತ್ತು ಅಳ್ತಿರಾದು ನಿನ್ ರಾಗಕ್ಕೇಯ."

ಭದ್ರಮ್ಮ ಮೆತ್ತಗಿನ ಬಟ್ಟೆಯಲ್ಲಿ ಆ ಹನಿಯನ್ನು ಒರೆಸಿ, ಬಿಟ್ಟ ಸಾಲಿನಿಂದಲೇ, ಮೊದಲಿಗಿಂತ ಒಂದು ಶ್ರುತಿ ಏರಿಸಿ ಮತ್ತೆ ಎತ್ತಿಕೊಳ್ಳುತ್ತಿದ್ದಳು.