ಅತ್ತೆಯ ಜೊತೆ ಆಫೀಸ್ ಕೆಲಸಕ್ಕೆ ಹೋಗುವವರಿಗೆ ಕೆಲವು ಸಲಹೆ

ಕೆಲಸದ ಮೇಲೆ ಹೆಸರುವಾಸಿ ಊರಿಗೆ ಹೋಗುವವರಿಗೆ ಮೊದಲ ಸಲಹೆ: ಹೋಗುವ ಸುದ್ದಿಯನ್ನು ಮನೆಯಲ್ಲಿ ಬಾಯಿಬಿಡಬೇಡಿ. ಲಿಫ್ಟ್ ಇನ್‌ಸ್ಪೆಕ್ಟರ್ ಆಗಿ ಇಷ್ಟು ವರ್ಷ ಊರೂರು ಸುತ್ತಿದ ಹೆಂಗಸಿಗೆ ಅಷ್ಟು ಬುದ್ಧಿ ಇರಬೇಕಿತ್ತು. ರಾತ್ರಿ ಊಟಕ್ಕೆ ಕೂತಾಗ ಅವಳು, "ಬರೋ ವಾರ ದಕ್ಷಿಣಕ್ಕೆ ಹೋಗಬೇಕು, ಆ ಟವರ್ ಲಿಫ್ಟ್ ನೋಡೋದಿದೆ" ಅಂದುಬಿಟ್ಟಳು.

ಅತ್ತೆಯ ಕೈಯ ಚಮಚ ತಟ್ಟೆಗೆ ಬಿತ್ತು. "ಸಮುದ್ರದ ಪಕ್ಕದ ಟವರ್ರಾ? ಬಿಸ್ಕೆಟ್ ಡಬ್ಬಿ ಮೇಲಿರುತ್ತಲ್ಲ, ಅದಾ?"

"ಅದೇ."

"ಅಮ್ಮನೂ ಬರಲಿ ಬಿಡು" ಅಂದ ಗಂಡ, ತಟ್ಟೆಯಿಂದ ತಲೆ ಎತ್ತದೆ. "ಹೇಗೂ ರೂಮು ಆಫೀಸಿನದು."

ಪರರ ದುಡ್ಡಿನಲ್ಲಿ ಪುಣ್ಯ ಕಟ್ಟಿಕೊಳ್ಳುವುದೆಂದರೆ ಇದೇ. ಸೊಸೆ ಹಲ್ಲು ಕಚ್ಚಿ ಏನೋ ಹೇಳಹೊರಟಳು. ಅಷ್ಟರಲ್ಲಿ ಅತ್ತೆ ಹೇಳಿದ ಮಾತು ಅವಳ ಬಾಯಿ ಕಟ್ಟಿಹಾಕಿತು. ಅತ್ತೆ ಜೀವಮಾನವೆಲ್ಲ ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ನಿಂತು ಬೆಡ್‌ಶೀಟ್ ಮಡಚಿದವರು. ಮಂಡಿ ಎರಡೂ ಅಲ್ಲೇ ಸವೆದಿದ್ದವು. ಮನೆಯೂ ನೆಲಮಹಡಿಯದೇ, ಕಿಟಕಿ ತೆಗೆದರೆ ಎದುರು ಮನೆಯ ಗೋಡೆ. "ನಾನು ಯಾವಾಗಲೂ ಕೆಳಗೇ ಇದ್ದೆ ಕಣೆ" ಅಂದರು ಅತ್ತೆ. "ಒಂದು ಸಲ ಮೇಲಿಂದ ನೋಡಬೇಕು."

ಇದಕ್ಕೆ ಯಾರು ತಾನೇ ಬೇಡ ಅನ್ನುತ್ತಾರೆ!

ಎರಡನೆಯ ಸಲಹೆ: ಅಕ್ಕಪಕ್ಕದವರಿಗೆ ಗೊತ್ತಾಗದಂತೆ ನೋಡಿಕೊಳ್ಳಿ. ಅತ್ತೆ ಬೀದಿಗೆಲ್ಲ ಟಾಂ ಟಾಂ ಮಾಡಿ, ಸಿಕ್ಕ ಸಲಹೆಗಳನ್ನೆಲ್ಲ ಸೆರಗಿಗೆ ಗಂಟು ಹಾಕಿಕೊಂಡವರಂತೆ ಹೊತ್ತು ತಂದರು. ರೈಲಿನಲ್ಲಿ ಎಡಗಡೆ ಕೂತರೆ ಸಮುದ್ರ ಕಾಣುತ್ತದೆಂದು ಮೇಲಿನ ಮನೆಯಾಕೆ ಹೇಳಿದ್ದಳು. ಬಲಗಡೆ ಎಂದು ಔಷಧಿ ಅಂಗಡಿಯವನು ಹೇಳಿದ್ದ. ಹೀಗಾಗಿ ಅತ್ತೆ ದಾರಿಯುದ್ದಕ್ಕೂ ಒಂದು ಸಲ ಆ ಕಿಟಕಿ, ಒಂದು ಸಲ ಈ ಕಿಟಕಿ. ಪ್ರತಿ ಸಲವೂ ಸೊಸೆ ತೊಡೆಯ ಮೇಲಿನ ಕಾಗದಪತ್ರ ಎತ್ತಿಕೊಂಡು ಏಳಬೇಕು, ಎದುರಿನವರ ಹತ್ತಿರ ಕ್ಷಮೆ ಕೇಳಬೇಕು. ಸಮುದ್ರ ಎರಡೂ ಕಡೆ ಕಾಣಲಿಲ್ಲ.

ಟ್ಯಾಕ್ಸಿಯವನಿಗೆ ಹೊಸಬರೆಂದು ಗೊತ್ತಾಗಬಾರದು ಎನ್ನುವುದು ಇನ್ನೊಬ್ಬರ ಬುದ್ಧಿವಾದ. ಅತ್ತೆ ಹತ್ತುತ್ತಲೇ, "ನಾವು ತಿಂಗಳು ತಿಂಗಳೂ ಬರೋರಪ್ಪ, ಸುತ್ತು ಹೊಡಿಸಬೇಡ" ಅಂದರು. ಮುಂದಿನ ತಿರುವಿನಲ್ಲೇ, "ಅಯ್ಯೋ, ಅದೇನು ಆ ನೀಲಿ? ಅದೇನಾ ಸಮುದ್ರ?" ಎಂದು ಕೂಗಿದರು. ಡ್ರೈವರ್ ಕನ್ನಡಿಯಲ್ಲಿ ಸೊಸೆಯ ಮುಖ ನೋಡಿ ನಕ್ಕ. ಆಮೇಲೆ ನಿಧಾನವಾಗಿ, ಊರೆಲ್ಲ ಸುತ್ತಿಸಿಯೇ ಹೋಟೆಲಿಗೆ ಬಿಟ್ಟ.

ರಾತ್ರಿ ಸೊಸೆ ಟವರಿನ ಹಳೆಯ ರಿಪೇರಿ ವರದಿಗಳನ್ನು ಓದಲು ಕೂತರೆ ಟಿವಿ ಜೋರು. ಟಿವಿ ಆರಿಸಿದರೆ ಗೊರಕೆ. ಗೊರಕೆಯ ನಡುವೆಯೇ ಒಮ್ಮೆ ಎಚ್ಚರವಾಗಿ ಅತ್ತೆ ಕೇಳಿದರು, "ಅಷ್ಟೇನು ಓದೋದೇ? ಬಟನ್ ಒತ್ತೋದು, ಮೇಲೆ ಕೆಳಗೆ ಹೋಗೋದು, ಇಷ್ಟೇ ತಾನೇ ನಿನ್ನ ಕೆಲಸ?"

ಮನೆಗೆ ಬಂದ ನೆಂಟರಿಗೆಲ್ಲ ಅತ್ತೆ ಹೇಳುವುದೂ ಇದನ್ನೇ. ನಮ್ಮ ಸೊಸೆಗೆ ಲಿಫ್ಟಲ್ಲಿ ಓಡಾಡೋದಕ್ಕೆ ಸಂಬಳ ಕೊಡ್ತಾರೆ ಅಂತ. ಸೊಸೆ ದೀಪ ಆರಿಸಿದಳು. ಬೆಳಿಗ್ಗೆ ಹೊರಡುವಾಗ ಮಾತ್ರ ಖಡಾಖಂಡಿತವಾಗಿ ಹೇಳಿದಳು. "ಅತ್ತೆ, ರೂಮಲ್ಲೇ ಇರಿ. ನನ್ನ ಕೆಲಸ ಮುಗಿದ ಮೇಲೆ, ಸಂಜೆ ನಾನೇ ಕರ್ಕೊಂಡು ಹೋಗಿ ಮೇಲಿಂದ ತೋರಿಸ್ತೀನಿ."

"ಖಂಡಿತಾ?"

"ಖಂಡಿತಾ."

ಮೂರನೆಯ ಸಲಹೆಯನ್ನು ಬೇರೆ ಹೇಳಬೇಕೇ? ಪರೀಕ್ಷೆ ಮಾಡುವ ಮೊದಲು ಮಾತು ಕೊಡಬೇಡಿ.

ಟವರಿನ ಲಿಫ್ಟಿಗೆ ಮರಳಿನ ಚೀಲ ತುಂಬಿಸಿ ನಡುವೆ ನಿಲ್ಲಿಸಿದರೆ ಅದು ನಿಂತಂತೆ ಮಾಡಿ ಜಾರಿತು. ಇನ್ನೊಮ್ಮೆ ನಿಲ್ಲಿಸಿದಳು, ಇನ್ನಷ್ಟು ಜಾರಿತು. ಮೆಟ್ಟಿಲು ಹತ್ತಿ ತುದಿಯ ಮೋಟಾರ್ ಕೋಣೆಗೆ ಹೋಗಿ ಬ್ರೇಕ್ ಬಿಚ್ಚಿಸಿದಳು. ಬ್ರೇಕಿನ ಪಟ್ಟಿ ಸವೆದು ಕಬ್ಬಿಣ ಹಲ್ಲು ಕಿರಿಯುತ್ತಿತ್ತು, ಅದರ ಮೇಲೆ ಎಲ್ಲಿಂದಲೋ ಸೋರಿದ ಎಣ್ಣೆ. ಬ್ರೇಕ್ ಕೈಕೊಟ್ಟರೆ ಲಿಫ್ಟ್ ಏರಿಳಿಯುವ ಹಳಿಯನ್ನು ಕಚ್ಚಿ ಹಿಡಿಯಬೇಕಾದ ಇಕ್ಕಳ ಉಪ್ಪುಗಾಳಿಗೆ ತುಕ್ಕು ಹಿಡಿದು ಅಲುಗಾಡದೆ ಕೂತಿತ್ತು. ಆ ಕೋಣೆಯ ಕಿಟಕಿಯಾಚೆ ಇಡೀ ಸಮುದ್ರ ಬಿದ್ದುಕೊಂಡಿತ್ತು. ಸೊಸೆ ಅತ್ತ ತಿರುಗಿಯೂ ನೋಡಲಿಲ್ಲ. ಅವಳಿಗೆ ಬಂದ ಸಿಟ್ಟಿಗೆ ಅರ್ಧ ಕಾರಣ ಆ ಬ್ರೇಕು, ಇನ್ನರ್ಧ ಬೆಳಿಗ್ಗೆ ಕೊಟ್ಟ ಮಾತು.

ಕೆಳಗಿಳಿದು ಬಂದು ಲಿಫ್ಟಿನ ಕೀಲಿ ತಿರುಗಿಸಿ, ತೆಗೆದು ಜೇಬಿಗೆ ಹಾಕಿಕೊಂಡಳು. "ಇದು ಓಡೋ ಹಾಗಿಲ್ಲ" ಅಂದಳು ಟವರಿನ ಮ್ಯಾನೇಜರಿಗೆ.

ಮ್ಯಾನೇಜರ್ ಬೆಣ್ಣೆಯಂಥ ಮನುಷ್ಯ. "ರಜಾ ದಿನ ಮೇಡಂ, ಹೊರಗೆ ಕ್ಯೂ ನೋಡಿ. ಇವತ್ತೊಂದು ದಿನ ಓಡಲಿ. ನಾಳೆ ನಾವೇ ನಿಲ್ಲಿಸ್ತೀವಿ."

"ಇಲ್ಲ."

ಅವನ ಕೋಣೆಯಲ್ಲಿಟ್ಟಿದ್ದ ಬ್ಯಾಗಿನಿಂದ ನೋಟಿಸು, ಸೀಲು ತೆಗೆದುಕೊಂಡು ಬಂದರೆ ಲಿಫ್ಟಿನ ಬಾಗಿಲು ತೆರೆದಿತ್ತು. ಮರಳಿನ ಚೀಲಗಳೆಲ್ಲ ಹೊರಗೆ ಬಿದ್ದಿದ್ದವು, ಒಳಗೆ ಕುರ್ಚಿ ಹಾಕಿಸಿಕೊಂಡು ಅತ್ತೆ ಕೂತಿದ್ದರು. ಮದುವೆಗೆ ಹೊರಟವರಂತೆ ಉಟ್ಟು ತೊಟ್ಟು, ತಲೆ ಬಾಚಿ, ಮೇಲಿಂದ ನೋಡಲೆಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಆಫೀಸರ ಮನೆಯವರೆಂದರೆ ಕ್ಯೂ ಇರುವುದಿಲ್ಲ ಎಂದು ಯಾವನೋ ಪುಣ್ಯಾತ್ಮ ಊರಲ್ಲಿ ಹೇಳಿ ಕಳಿಸಿದ್ದ.

"ಬಂದೆಯಾ? ಬಾ ಬಾ" ಅಂದರು ಅತ್ತೆ. "ಸಂಜೆ ತನಕ ಯಾರು ಕಾಯ್ತಾರೆ! ಈ ಯಪ್ಪ ಎಷ್ಟು ಒಳ್ಳೆಯವನು, ನನ್ನನ್ನೇ ಮೊದಲು ಕಳಿಸ್ತಾನಂತೆ."

"ಅತ್ತೆ, ಇಳೀರಿ. ಲಿಫ್ಟ್ ಸರಿ ಇಲ್ಲ."

"ಸರಿ ಇಲ್ಲವಾ? ನೆನ್ನೆ ಸಂಜೆ ತನಕ ಜನ ಹತ್ತಿ ಇಳಿದಿದ್ದಾರೆ. ನಾನು ಬಂದ ದಿನವೇ ಸರಿ ಇಲ್ಲವಾ?" ಅತ್ತೆಯ ದನಿ ಏರಿತು. ಕ್ಯೂನವರೆಲ್ಲ ಕತ್ತು ಚಾಚಿದರು. "ನಾನು ಇಳಿಯಲ್ಲ. ನಿಮ್ಮಮ್ಮ ಕೂತಿದ್ರೆ ಇಳೀರಿ ಅಂತಿದ್ಯಾ?"

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಜನರ ಮುಂದೆ! ಜೇಬಿನೊಳಗೆ ಕೀಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಂದೇ ಒಂದು ಸಲ ಹೋಗಿ ಬಂದರೆ ಏನಾದೀತು ಎಂದು ಅವಳಿಗೂ ಅನ್ನಿಸದೆ ಇರಲಿಲ್ಲ. ಇಷ್ಟು ದಿನ ಓಡಿದೆ. ಅತ್ತೆ ಒಂದು ಸಲ ಮೇಲೆ ಹೋಗಿ ಕಣ್ತುಂಬ ನೋಡಿ ಬಂದರೆ ಮುದುಕಿಯ ಆಸೆಯೂ ತೀರುತ್ತದೆ, ಮನೆಯಲ್ಲಿ ತನಗೂ ನೆಮ್ಮದಿ. ಹೋಗದಿದ್ದರೆ ಈ ಕತೆಯನ್ನು ಬರುವ ಹೋಗುವ ನೆಂಟರ ಮುಂದೆಲ್ಲ ಕೇಳಬೇಕು, ತಾನೇ ಅವರಿಗೆಲ್ಲ ಕಾಫಿ ಕೊಡುತ್ತಾ.

ಅವಳು ಹಿಂದೆಮುಂದೆ ನೋಡಿದ್ದನ್ನು ಮ್ಯಾನೇಜರ್ ಗಮನಿಸಿದ. ಹತ್ತಿರ ಬಂದ. "ಒಂದೇ ಟ್ರಿಪ್ಪು ಮೇಡಂ. ಅಮ್ಮ ಹಕ್ಕಿ ಹಾಗಿದ್ದಾರೆ, ಭಾರವೇ ಇಲ್ಲ."

"ಭಾರ ಇಲ್ಲದಿರೋದೇ ತೊಂದರೆ ಕಣ್ರೀ" ಅಂದಳು ಸೊಸೆ. "ಹಗ್ಗದ ಆ ತುದಿಯಲ್ಲಿ ತೂಕದ ಕಲ್ಲು ಕಟ್ಟಿರುತ್ತೆ. ಒಳಗೆ ಒಬ್ಬರೇ ಇದ್ರೆ ಆ ಕಲ್ಲೇ ಭಾರ. ಬ್ರೇಕ್ ಜಾರಿದ್ರೆ ಲಿಫ್ಟ್ ಕೆಳಗೆ ಬೀಳಲ್ಲ, ಮೇಲಕ್ಕೆ ನುಗ್ಗುತ್ತೆ. ಹೋಗಿ ಚಾವಣಿಗೆ ಹೊಡೆಯುತ್ತೆ."

ಮ್ಯಾನೇಜರ್ ಕ್ಯೂನತ್ತ ಒಮ್ಮೆ ನೋಡಿದ. ಆಮೇಲೆ ಬಾಗಿ, ಗುಟ್ಟು ಹೇಳುವವನಂತೆ, ಆದರೆ ಅಷ್ಟೇನೂ ಮೆಲ್ಲಗಲ್ಲದೆ, ಹಲ್ಲು ಬಿಟ್ಟು ಅಂದ, "ಹೋದ್ರೆ ಹೋಗಲಿ ಬಿಡಿ ಮೇಡಂ. ಎಷ್ಟಾದರೂ ಅತ್ತೆ ತಾನೇ!"

ಕ್ಯೂನಲ್ಲಿ ಇಬ್ಬರು ಮೂವರು ನಕ್ಕರು. ಕುರ್ಚಿಯ ಮೇಲೆ ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು.

ಸೊಸೆಗೆ ಎರಡು ದಿನದಿಂದ ಒಳಗೊಳಗೇ ಕುದಿಯುತ್ತಿದ್ದದ್ದೆಲ್ಲ ಆ ಕ್ಷಣ ಉಕ್ಕಿತು. "ಹೌದು ರೀ, ಅತ್ತೆಯೇ!" ಎಂದು ಕಿರುಚಿದಳು. "ಎರಡು ದಿನದಿಂದ ನನ್ನ ತಲೆ ತಿಂದಿದ್ದಾರೆ. ರೈಲಲ್ಲಿ ತಿಂದಿದ್ದಾರೆ, ಟ್ಯಾಕ್ಸಿಯಲ್ಲಿ ತಿಂದಿದ್ದಾರೆ, ರಾತ್ರಿ ನಿದ್ದೆಗಣ್ಣಲ್ಲೂ ಬಿಟ್ಟಿಲ್ಲ. ಇನ್ನೂ ಇಪ್ಪತ್ತು ವರ್ಷ ತಿನ್ನಬೇಕು ಅವರು! ನಿಮ್ಮ ಒಂದು ದಿನದ ಟಿಕೆಟ್ಟಿಗೆ ನಾನು ಅವರನ್ನ ಕಳ್ಕೊಳ್ಳಲಾ? ಆಚೆ ನಿಲ್ಲಿ!"

ಹೇಳಿ ಮುಗಿಸಿದ ಮೇಲೆ ಸೊಸೆಗೆ ನಾಚಿಕೆಯಾಯಿತು. ಅತ್ತೆಯ ಮುಖ ನೋಡುವ ಧೈರ್ಯ ಸಾಲದೆ ನೋಟಿಸಿನ ಹಿಂಬದಿಯ ಕಾಗದ ಕೀಳುತ್ತಾ ನಿಂತಳು.

ಅತ್ತೆ ಕನ್ನಡಕ ಹಾಕಿಕೊಂಡರು. ಕುರ್ಚಿಯ ಕೈ ಊರಿ, ನರಳುತ್ತಾ ಎದ್ದರು. ಮ್ಯಾನೇಜರ್ ಹಿಡಿದುಕೊಳ್ಳಲು ಬಂದರೆ ಅವನ ಕೈ ತಳ್ಳಿದರು. ಲಿಫ್ಟಿನಿಂದ ಇಳಿದು ಕ್ಯೂನವರ ಕಡೆ ತಿರುಗಿ, "ಕೇಳಿಸಲಿಲ್ವೇನ್ರಪ್ಪ? ಓಡಲ್ಲ ಅಂದಳಲ್ಲ. ಮನೆಗೆ ಹೋಗಿ" ಅಂದರು.

ಸೊಸೆ ಬಾಗಿಲು ಮುಚ್ಚಿಸಿ, ನೋಟಿಸು ಅಂಟಿಸಿ, ಸೀಲು ಹಾಕಿದಳು. ಹೊರಗೆ ಬಂದಾಗ ಅತ್ತೆ ಟವರಿನ ನೆರಳಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದರು. ಮುಂದೆ ಕಾರುಗಳ ಸಾಲು, ಅದರಾಚೆ ಒಂದು ಗೋಡೆ. ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿ ಟವರಿನ ತುದಿಯನ್ನೇ ನೋಡುತ್ತಿದ್ದರು. ಸೊಸೆ ಪಕ್ಕದಲ್ಲಿ ಕೂತಳು. ಎರಡು ದಿನದಿಂದ ಬೇಡಿಕೊಂಡಿದ್ದ ಮೌನ ಈಗ ಸಿಕ್ಕರೆ, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

"ರಿಪೇರಿ ಆದಮೇಲೆ ಯಾರು ಬಂದು ನೋಡಬೇಕು?" ಕೊನೆಗೆ ಅತ್ತೆ ಕೇಳಿದರು.

"ನಾನೇ."

"ಹಾಗಾದ್ರೆ ನಾನೂ ಬರ್ತೀನಿ."

ಸೊಸೆಯ ಕಣ್ಣ ಮುಂದೆ ರೈಲಿನ ಎಡ ಕಿಟಕಿ, ಬಲ ಕಿಟಕಿ, ಟ್ಯಾಕ್ಸಿ, ಗೊರಕೆ ಎಲ್ಲ ಹಾದುಹೋದವು. "ಅಯ್ಯೋ, ಬೇಡ ಅತ್ತೆ, ದಮ್ಮಯ್ಯ..."

"ಬೇಡ ಅಂದ್ರೆ?" ಅತ್ತೆ ಅವಳ ಭುಜದ ಮೇಲೆ ಭಾರ ಹಾಕಿ ಮೇಲೆದ್ದರು. "ಅಷ್ಟು ಜನರ ಮುಂದೆ ಇಪ್ಪತ್ತು ವರ್ಷ ಅಂತ ನೀನೇ ಹೇಳಿದೀಯ. ಇನ್ನೂ ಎರಡನೇ ದಿನ ಮುಗಿದಿಲ್ಲ. ನಡಿ."